ಎರಡು ಬಟ್ಟಲ ತಾಳಿ

ಕೋಟಿನ ಎಡತೋಳು ಮುಗಿದು ಬಲತೋಳನ್ನು ಮಡಿಸಿದ ಕಂಬಳಿಯ ಮೇಲೆ ಹರವುವಷ್ಟರಲ್ಲಿ ಕರೆಂಟು ಹೋಯಿತು. ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದಿದ್ದ ಬಿಸಿಯಲ್ಲೇ ಅಹಲ್ಯಾ ಮೊಣಕೈವರೆಗೆ ತಿಕ್ಕಿದಳು. ಮುಂದಕ್ಕೆ ಬಟ್ಟೆ ಮಣಿಯಲಿಲ್ಲ. ಕಪ್ಪು ಬಣ್ಣ, ಯಾರಿಗೆ ಕಾಣುತ್ತದೆ ಎಂದುಕೊಂಡು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಒಲೆಯ ಮೇಲಿದ್ದ ಉಪ್ಪಿಟ್ಟನ್ನು ಮೂರು ಡಬ್ಬಿಗಳಿಗೆ ತುಂಬತೊಡಗಿದಳು.

"ಅಮ್ಮಾ, ನನ್ನ ಬ್ಲೇಜರ್ ಭೀ ಇಸ್ತ್ರಿ ಕರ್ ದೋ ನಾ," ಎಂದಳು ಪ್ರೇರಣಾ, ಜಡೆಗೆ ರಬ್ಬರ್ ಹಾಕಿಕೊಳ್ಳುತ್ತ.

"ಕರೆಂಟ್ ಇಲ್ಲ ಪುಟ್ಟಿ."

"ಹಮೇಶಾ ನಿಂದು ಆದ್ಮೇಲೇನೇ ಯಾಕೆ ಹೋಗತ್ತೆ?"

"ನಂದೂ ಅರ್ಧಾನೇ ಆಗಿರೋದು."

ಇಂದುಶೇಖರ ಪೇಪರಿನಿಂದ ತಲೆಯೆತ್ತದೆ ಕೇಳಿದ. "ಇವತ್ತೇ ಅಲ್ವಾ ಶಾರದಾ ಮೇಡಂ ಸಾಕ್ಷಿ?"

"ಹೂಂ."

"ಸರ್ ನಿನ್ನೆ ರೂಮಿಗೆ ಕರೆದಿದ್ರು. ಅವರಿಗೆ ಮೀಟಿಂಗ್ ಇದೆಯಂತೆ, ಮೇಡಂ ಡ್ರೈವರ್ ಜೊತೆ ಬರ್ತಾರಂತೆ. ಸ್ವಲ್ಪ ನೋಡ್ಕೋ. ಕಟಕಟೆ ಹತ್ತಿ ಗೊತ್ತಿಲ್ಲ ಅವರಿಗೆ."

"ಹತ್ತಿ ಗೊತ್ತಿರೋರು ಯಾರಿದಾರ್ರೀ?"

ಇಂದುಶೇಖರ ನಕ್ಕ. ಅವನು ಕೇಂದ್ರದ ಒಂದು ಸಚಿವಾಲಯದಲ್ಲಿ ಅಂಡರ್ ಸೆಕ್ರೆಟರಿ. ಶಾರದಾರ ಗಂಡ ಜಗನ್ನಾಥರು ಅದೇ ಸಚಿವಾಲಯದಲ್ಲಿ ಜಾಯಿಂಟ್ ಸೆಕ್ರೆಟರಿ. ವರ್ಷದ ಕೊನೆಗೆ ಇವನ ಗೋಪ್ಯ ವರದಿ ಬರೆಯುವುದು ಅವರ ಕೈ. ಮುಂದಿನ ಬಡ್ತಿಗೆ ಈ ವರ್ಷ ಅವರು 'ವೆರಿ ಗುಡ್' ಎಂದು ಬರೆಯಬೇಕು. ಬರೀ 'ಗುಡ್' ಬಂದರೆ ಇನ್ನು ಮೂರು ವರ್ಷ ಇದೇ ಕುರ್ಚಿ. ಈ ಮಾತನ್ನು ಗಂಡಹೆಂಡತಿ ಬಾಯಿಬಿಟ್ಟು ಆಡಿರಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ದೂರುದಾರರು ಪರಿಚಯದವರು ಎಂದು ಕೇಸು ನಡೆಸಬೇಕಾದ ಸರ್ಕಾರಿ ವಕೀಲೆ ಅಹಲ್ಯಾ ತನ್ನ ಹಿರಿಯ ಪ್ರಾಸಿಕ್ಯೂಟರಿಗೆ ಮೊದಲೇ ಹೇಳಿದ್ದಳು. "ಈ ಊರಲ್ಲಿ ಯಾರಿಗೆ ಯಾರು ಪರಿಚಯ ಇಲ್ಲ ಮೇಡಂ? ನೆಂಟರಲ್ಲ ತಾನೆ? ನಡೆಸಿ," ಎಂದು ಆತ ಫೈಲು ವಾಪಸು ತಳ್ಳಿದ್ದ.

ರಾಜಧಾನಿಯ ಅಂಚಿನ ದ್ವಾರಕಾದಿಂದ ಮೆಟ್ರೊ ಹತ್ತಿದಾಗ ಕೂರಲು ಜಾಗ ಸಿಕ್ಕಿತು. ಅಹಲ್ಯಾ ಫೈಲನ್ನು ಮತ್ತೊಮ್ಮೆ ತಿರುವಿದಳು.

ಕೇಸು ಸಣ್ಣದು. ಹೋದ ಜನವರಿಯಲ್ಲಿ ಶಾರದಾ ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟ ಮಾಂಗಲ್ಯ ಬಾತ್‌ರೂಮಿನ ಶೆಲ್ಫಿನಿಂದ ಕಾಣೆಯಾಗಿತ್ತು. ಮನೆಗೆ ಬಂದಿದ್ದವಳು ಕೆಲಸದ ಸುಮಿತ್ರಾ ಒಬ್ಬಳೇ. ಜಗನ್ನಾಥರು ದೂರು ಕೊಟ್ಟರು. ಮೂರನೆಯ ದಿನ ಸಬ್ ಇನ್ಸ್‌ಪೆಕ್ಟರ್ ದಹಿಯಾ ಸುಮಿತ್ರಾಳ ಜೋಪಡಿಯ ಹಿಟ್ಟಿನ ಡಬ್ಬದಿಂದ ಮಾಂಗಲ್ಯ ಹೊರತೆಗೆದ. ಕೆಲಸದವರು ಯಜಮಾನರ ಮನೆಯಲ್ಲಿ ಕದ್ದರೆ ಏಳು ವರ್ಷದವರೆಗೂ ಶಿಕ್ಷೆಯಾಗಬಹುದು. ಸುಮಿತ್ರಾಳಿಗೆ ಜಾಮೀನೇನೋ ಸಿಕ್ಕಿತ್ತು, ಶೂರಿಟಿ ನಿಲ್ಲುವವರು ಸಿಗಲಿಲ್ಲ. ಹತ್ತು ತಿಂಗಳಿಂದ ಜೈಲಿನಲ್ಲಿದ್ದಳು.

ಒಂದು ವಿಷಯ ಮಾತ್ರ ಅಹಲ್ಯಾಳಿಗೆ ಮೊದಲಿನಿಂದಲೂ ವಿಚಿತ್ರವಾಗಿ ಕಂಡಿತ್ತು. ಕಳವಾದ ಒಡವೆ ಸಿಕ್ಕಿದರೆ ಜನ ಮಾರನೆಯ ದಿನವೇ ಬಿಡಿಸಿಕೊಳ್ಳಲು ಅರ್ಜಿ ಹಾಕುತ್ತಾರೆ. ಶಾರದಕ್ಕ ಹತ್ತು ತಿಂಗಳಾದರೂ ಹಾಕಿರಲಿಲ್ಲ. ಮಾಂಗಲ್ಯ ಠಾಣೆಯ ಉಗ್ರಾಣದಲ್ಲೇ ಬಿದ್ದಿತ್ತು. ಪೊಲೀಸರು ಮುಟ್ಟಿದ್ದು ಕೊರಳಿಗೆ ಬೇಡವೆನಿಸಿರಬೇಕು ಎಂದು ಅಹಲ್ಯಾ ತಾನೇ ಸಮಾಧಾನ ಹೇಳಿಕೊಂಡು ಪುಟ ತಿರುವಿದ್ದಳು. ದಿನಕ್ಕೆ ನಲವತ್ತು ಫೈಲುಗಳಿರುವಾಗ ವಿಚಿತ್ರಗಳಿಗೆಲ್ಲ ನಿಲ್ಲಲಾಗುವುದಿಲ್ಲ.

ಕೋರ್ಟಿನ ಹಾಲಿನಲ್ಲಿ ಶಾರದಕ್ಕ ಆಗಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ತಿಳಿಹಸಿರು ಮೈಸೂರು ಸಿಲ್ಕ್ ಸೀರೆ, ಕೈಯಲ್ಲಿ ನೀರಿನ ಬಾಟಲಿ. ಅಹಲ್ಯಾಳನ್ನು ಕಂಡು ಮುಖ ಅರಳಿತು. "ಬಂದ್ಯಾ? ಸದ್ಯ. ಇಲ್ಲಿ ಎಲ್ಲರೂ ನನ್ನನ್ನೇ ಕಳ್ಳಿ ಥರಾ ನೋಡ್ತಿದಾರೆ."

ಹಿಂದುಗಡೆ ಗೋಡೆಗೆ ಒರಗಿ, ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ, ಸುಮಿತ್ರಾ ನಿಂತಿದ್ದಳು. ಶಾರದಕ್ಕನ ಮನೆಯ ಶುಕ್ರವಾರದ ಲಲಿತಾ ಸಹಸ್ರನಾಮಕ್ಕೆ ಅಹಲ್ಯಾ ಎರಡು ಸಲ ಹೋಗಿದ್ದಳು. ಎರಡು ಸಲವೂ ಕಾಫಿ ತಂದುಕೊಟ್ಟವಳು ಇವಳೇ ಇರಬೇಕು. ಟ್ರೇ ನೆನಪಿತ್ತು, ಲೋಟ ನೆನಪಿತ್ತು, ಕಾಫಿಗೆ ಸಕ್ಕರೆ ಹೆಚ್ಚಾಗಿದ್ದುದೂ ನೆನಪಿತ್ತು. ಮುಖ ಮಾತ್ರ ನೆನಪಿಗೆ ಬರಲಿಲ್ಲ.

ಹನ್ನೆರಡೂವರೆಗೆ ಕೇಸು ಕೂಗಿದರು. ಸುಮಿತ್ರಾಳಿಗೆ ಕಾನೂನು ನೆರವಿನಿಂದ ಕೊಟ್ಟಿದ್ದ ವಕೀಲ ಭಾಟಿಯಾ ಇನ್ನೊಂದು ಕೋರ್ಟಿನಿಂದ ಓಡಿಬಂದು ಮೊಬೈಲನ್ನು ಜೇಬಿಗಿಳಿಸಿದ. ಶಾರದಕ್ಕ ಕಟಕಟೆ ಹತ್ತಿ ಪ್ರಮಾಣ ಮಾಡಿದರು. ಅಹಲ್ಯಾ ಕೇಳಿದಳು, ಅವರು ಹಿಂದಿಯಲ್ಲಿ ಉತ್ತರ ಕೊಟ್ಟರು, ಯುವಕ ಮ್ಯಾಜಿಸ್ಟ್ರೇಟರು ಅದನ್ನು ಇಂಗ್ಲಿಷಿನಲ್ಲಿ ಟೈಪಿಸ್ಟನಿಗೆ ಹೇಳಿದರು. ಎಲ್ಲ ಸಲೀಸಾಗಿ ನಡೆಯಿತು. ಬಾತ್‌ರೂಮು, ಶೆಲ್ಫು, ಸುಮಿತ್ರಾ ಬಂದ ಹೊತ್ತು, ಹೋದ ಹೊತ್ತು.

"ಒಡವೆ ತೋರಿಸಿ," ಎಂದರು ಮ್ಯಾಜಿಸ್ಟ್ರೇಟರು.

ದಹಿಯಾ ಅರಗಿನ ಮೊಹರಿದ್ದ ಬಿಳಿಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟ. ಮೊಹರು ಸರಿಯಾಗಿದೆಯೆಂದು ಬರೆಸಿದ ಮೇಲೆ ಹೊಲಿಗೆ ಬಿಚ್ಚಿದರು. ಕರಿಮಣಿ ಸರ ಹೊರಗೆ ಬಂತು.

ಅಹಲ್ಯಾ ಅದನ್ನು ಕೈಗೆ ತೆಗೆದುಕೊಂಡಳು. ಎರಡೆಳೆ ಕರಿಮಣಿ, ನಡುವೆ ವೀಳ್ಯದೆಲೆಯಾಕಾರದ ಒಂದು ಚಪ್ಪಟೆ ಪದಕ, ಅದರಲ್ಲಿ ಮೂರು ಕೆಂಪು ಹರಳು. ಈ ಕಡೆಯ ಹೆಂಗಸರು ಮದುವೆಗೆ ಅಂಗಡಿಯಲ್ಲಿ ಸಿದ್ಧವಾಗಿಯೇ ಕೊಳ್ಳುವಂಥದು. ಮಣಿಗಳು ಒಂದು ಕಡೆ ಸವೆದಿದ್ದವು. ಯಾರೋ ಬಹಳ ವರ್ಷ ಹಾಕಿಕೊಂಡಿದ್ದರು.

ಅವಳು ತಲೆಯೆತ್ತಿ ಶಾರದಕ್ಕನ ಕೊರಳು ನೋಡಿದಳು. ಅಲ್ಲಿ ಹೊಸ ಮಾಂಗಲ್ಯವಿತ್ತು. ಎರಡು ಪುಟ್ಟ ಬಟ್ಟಲಿನಂಥ ತಾಳಿಗಳು, ತವರಿನವರು ಕೊಟ್ಟದ್ದು ಒಂದು, ಅತ್ತೆಮನೆಯವರದು ಒಂದು, ನಡುವೆ ಹವಳ. ಅಹಲ್ಯಾಳ ಕೊರಳಿನಲ್ಲಿದ್ದದ್ದೂ ಅಂಥದ್ದೇ. ಅವಳ ತಾಯಿಯದೂ, ಅತ್ತೆಯದೂ.

"ಇದು ನಿಮ್ಮದೇನಾ?" ಮ್ಯಾಜಿಸ್ಟ್ರೇಟರು ಕೇಳಿದರು.

"ಹೌದು. ನನ್ನದೇ," ಎಂದರು ಶಾರದಕ್ಕ. ಸರವನ್ನು ಸರಿಯಾಗಿ ನೋಡಲೂ ಇಲ್ಲ.

"ದೀದಿ!" ಹಿಂದಿನಿಂದ ಸುಮಿತ್ರಾ ಕೂಗಿದಳು. "ಅದು ನಿಮ್ಮದಲ್ಲ ದೀದಿ! ನಿಮ್ಮದರಲ್ಲಿ ಎರಡು ಕಟೋರಿ ಇತ್ತು! ನಾನೇ ಅಂಟುವಾಳದ ನೀರಲ್ಲಿ ತೊಳೆದಿದ್ದೇನೆ—"

"ಚುಪ್!" ಕಾನ್‌ಸ್ಟೇಬಲ್ ಅವಳ ರಟ್ಟೆ ಹಿಡಿದಳು.

ಹಾಲಿನಲ್ಲಿ ನಗು ಎದ್ದಿತು. "ನೋಡಿ ಸಾಬ್," ಎಂದ ದಹಿಯಾ, "ಮಾಲೀಕರಿಗಿಂತ ಕಳ್ಳಿಗೇ ಮಾಲಿನ ಗುರುತು ಜಾಸ್ತಿ." ಮ್ಯಾಜಿಸ್ಟ್ರೇಟರೂ ತುಟಿಯಂಚಿನಲ್ಲಿ ನಕ್ಕು, ಆರೋಪಿ ಸುಮ್ಮನಿರಬೇಕು, ಹೇಳುವುದನ್ನು ವಕೀಲರ ಮೂಲಕ ಹೇಳಬೇಕು ಎಂದರು. ವಕೀಲ ಭಾಟಿಯಾ ಗಡಿಯಾರ ನೋಡುತ್ತಿದ್ದ.

ಆ ಹಾಲಿನಲ್ಲಿ ಶಾರದಕ್ಕನ ಕೊರಳನ್ನು ಓದಬಲ್ಲವರು ಇಬ್ಬರೇ ಇದ್ದರು. ಒಬ್ಬಳು ಆರೋಪಿ.

"ಉಳಿದದ್ದು ಊಟದ ನಂತರ ಮುಂದುವರಿಸಲು ಅವಕಾಶ ಬೇಕು," ಎಂದಳು ಅಹಲ್ಯಾ.

*

ಪ್ರಾಸಿಕ್ಯೂಟರುಗಳ ಕೋಣೆಯಲ್ಲಿ ಊಟದ ಹೊತ್ತಿಗೆ ಯಾರೂ ಇರಲಿಲ್ಲ. ಶಾರದಕ್ಕ ಫೈಲುಗಳನ್ನು ಬದಿಗೆ ಸರಿಸಿ ಟಿಫಿನ್ ಕ್ಯಾರಿಯರ್ ಬಿಚ್ಚಿದರು. "ನಿನಗೂ ಸೇರಿಸಿ ತಂದಿದೀನಿ. ಚಿತ್ರಾನ್ನ. ತಗೋ. ಎಷ್ಟು ಬೇಗ ಮುಗೀತಲ್ವಾ? ನಾನು ಏನೇನೋ ಹೆದರಿದ್ದೆ."

"ಶಾರದಕ್ಕ, ಅದು ನಿಮ್ಮದಲ್ಲ."

ಚಿತ್ರಾನ್ನದ ಚಮಚ ನಿಂತಿತು.

"ಯಾವುದು?"

"ನಾನೂ ನಿಮ್ಮಂಥದ್ದೇ ಕಟ್ಟಿಕೊಂಡಿದೀನಿ," ಎಂದಳು ಅಹಲ್ಯಾ. "ನನ್ನ ಹತ್ತಿರ ಯಾಕೆ ಮುಚ್ಚಿಡ್ತೀರಿ?"

ಶಾರದಕ್ಕ ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಅದನ್ನು ಮುಚ್ಚಿದರು. ವಾಪಸು ಬಂದು ಕೂತವರು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಆಮೇಲೆ, ಯಾರೋ ಕೇಳಲೆಂದೇ ಕಾಯುತ್ತಿದ್ದವರಂತೆ, ಒಂದೇ ಸಮನೆ ಹೇಳಿಬಿಟ್ಟರು.

"ಅವರಿಗೆ ಹೋದ ವರ್ಷ ಬೈಪಾಸ್ ಆಯ್ತಲ್ಲ. ಆಪರೇಷನ್ ಥಿಯೇಟರ್ ಹೊರಗೆ ಕೂತು ಹರಕೆ ಹೊತ್ತೆ. ಇವರು ಉಳಿದರೆ ನನ್ನ ತಾಳಿ ನಿನಗೇ ತಾಯಿ, ಅಂತ. ನಮ್ಮಲ್ಲಿ ಇದೆಯಲ್ಲ ಹಾಗೆ, ನಮ್ಮಮ್ಮನೂ ಮಾಡಿದ್ದಳು. ಉಳಿದರು. ಇವರಿಗೆ ಹೇಳೋ ಹಾಗಿಲ್ಲ. ನಾನು ಒಂದು ತೆಂಗಿನಕಾಯಿ ಒಡೆದರೇ ನಗ್ತಾರೆ, ಆಳುಗಳ ಮುಂದೆ ನಗ್ತಾರೆ. ಡಾಕ್ಟರಿಗೆ ಲಕ್ಷಗಟ್ಟಲೆ ಕೊಟ್ಟಿದ್ದು ನಾನು, ಕ್ರೆಡಿಟ್ ನಿನ್ನ ದೇವಿಗಾ ಅಂತಾರೆ. ಅದಕ್ಕೇ ಒಂದು ಮಂಗಳವಾರ ಆಟೋ ಮಾಡಿಕೊಂಡು ಒಬ್ಬಳೇ ದೇವಿ ಗುಡಿಗೆ ಹೋದೆ. ಖಣದ ಬಟ್ಟೇಲಿ ಸುತ್ತಿ ಹುಂಡಿಗೆ ಹಾಕಿದೆ. ಕೊರಳಿಗೆ ಅರಿಶಿನ ಕೊಂಬಿನ ದಾರ ಕಟ್ಟಿಕೊಂಡು ಸೆರಗಲ್ಲಿ ಮುಚ್ಚಿಕೊಂಡೆ. ಕರೋಲ್ ಬಾಗಿನಲ್ಲಿ ನಮ್ಮವರ ತಾಳಿ ಮಾಡೋ ಅಂಗಡಿ ಇದೆಯಲ್ಲ, ಅಲ್ಲಿ ಹೊಸದಕ್ಕೆ ಹೇಳಿದ್ದೆ. ಎಂಟು ದಿನ ಅಂದಿದ್ದ. ಮೂರನೇ ದಿನಕ್ಕೇ ಇವರ ಕಣ್ಣಿಗೆ ಬಿತ್ತು. ಎಲ್ಲೇ ಸರ ಅಂದರು."

"ನೀವು?"

"ಸ್ನಾನಕ್ಕೆ ತೆಗೆದಿಟ್ಟಿದ್ದೆ, ಕಾಣ್ತಿಲ್ಲ ಅಂದೆ. ಹುಡುಕು ಅಂತಾರೆ, ನಾಲ್ಕು ದಿನ ತಳ್ಳಿದರೆ ಹೊಸದು ಬರತ್ತೆ, ಸಿಕ್ಕಿತು ಅಂದುಬಿಡೋಣ ಅಂತ. ಬೆಳಿಗ್ಗೆ ಯಾರು ಬಂದಿದ್ರು ಅಂದರು. ಸುಮಿತ್ರಾ ಬಂದಿದ್ದಳು ಅಂದೆ. ಅಷ್ಟೇ ಅಹಲ್ಯಾ. ನಾನು ಅವಳ ಮೇಲೆ ಒಂದು ಮಾತೂ ಹೇಳಲಿಲ್ಲ. ಯಾರು ಬಂದಿದ್ರು ಅಂದರು, ಸುಮಿತ್ರಾ ಬಂದಿದ್ದಳು ಅಂದೆ. ಬಂದಿದ್ದಳು ತಾನೆ?"

ಅಹಲ್ಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಷ್ಟರಲ್ಲಿ ಇವರು ಯಾವನೋ ದೊಡ್ಡ ಪೊಲೀಸ್ ಆಫೀಸರಿಗೆ ಫೋನ್ ಮಾಡಿ ಆಗಿತ್ತು. ಆಮೇಲೆ ನನ್ನ ಕೈಯಲ್ಲಿ ಏನಿತ್ತು? ಸ್ಟೇಷನ್ನಿಗೆ ಕರೆದು ಅದನ್ನ ತೋರಿಸಿದಾಗ ಮೈ ಜುಂ ಅಂತು ಕಣೆ. ಯಾವಳ ತಾಳಿಯೋ. ಸಿಗಬಾರದಿದ್ದದ್ದು ಸಿಕ್ಕಿತಲ್ಲ! ಆ ದಹಿಯಾ, ಮೇಡಂ ನೋಡಿ, ನಿಮ್ಮದೇ ಅಂದ. ಇವರು ಪಕ್ಕದಲ್ಲಿದ್ದರು. ನಾನು ಇವರ ಮುಖ ನೋಡಿದೆ. ಇವರಾದರೂ ಅಲ್ಲ ಅಂತಾರೆ ಅಂತ. ಇವರೇ ಕಟ್ಟಿದ್ದಲ್ವಾ? ಇಪ್ಪತ್ತೆಂಟು ವರ್ಷ ಕಣ್ಣ ಮುಂದೆ ಇದ್ದದ್ದಲ್ವಾ? ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ನಿಂದೇ ತಾನೆ, ಸೈನ್ ಮಾಡು, ಲೇಟಾಗತ್ತೆ ಅಂದರು."

ಶಾರದಕ್ಕ ಒಮ್ಮೆ ನಕ್ಕರು. ನಗುವೆಂದು ಹೇಳಲು ಬಾರದ ಸದ್ದು. ಆಮೇಲೆ ಕಣ್ಣೊರೆಸಿಕೊಂಡರು.

"ಸೈನ್ ಮಾಡಿದೆ. ಈಗ ಹೇಳಿದರೆ ಇವರ ಹೆಸರು ಏನಾಗತ್ತೆ? ಎದೆ ಮೊದಲೇ ಹೊಲಿದಿದೆ. ಶಾಕ್ ಆಗಬಾರದು ಅಂದಿದಾರೆ ಡಾಕ್ಟರು. ದೇವಿ ಉಳಿಸಿಕೊಟ್ಟ ಜೀವ ನನ್ನ ಬಾಯಿಂದಲೇ ಹೋದರೆ? ಅವಳನ್ನೇನು ಗಲ್ಲಿಗೆ ಹಾಕಲ್ಲವಲ್ಲ. ಬಿಡ್ತಾರೆ. ಮುಂದೆ ಅವಳ ಮಗಳ ಮದುವೆಗೆ ಅಂತ ಎರಡು ಸೀರೆ ತೆಗೆದಿಟ್ಟಿದೀನಿ. ದಿನಾ ದೀಪ ಹಚ್ಚೋವಾಗ ಅವಳಿಗೂ ಒಳ್ಳೇದು ಮಾಡು ತಾಯಿ ಅಂತೀನಿ. ನೀನು ಹೆಂಗಸು, ನಿನಗೆ ಅರ್ಥ ಆಗತ್ತೆ. ಬೇರೆ ಯಾರಿಗೂ ಹೇಳಿಲ್ಲ. ಇಂದುಶೇಖರಂಗೂ ಹೇಳಬೇಡ." ಸ್ವಲ್ಪ ತಡೆದು ಸೇರಿಸಿದರು. "ಇವರಿಗೆ ಅವನ ಮೇಲೆ ತುಂಬಾ ವಿಶ್ವಾಸ."

ಆ ಕೊನೆಯ ಮಾತನ್ನು ಶಾರದಕ್ಕ ಬೆದರಿಕೆಯೆಂದು ಆಡಿದರೋ ಸುಮ್ಮನೆ ಆಡಿದರೋ ತಿಳಿಯಲಿಲ್ಲ. ಅವರಿಗೂ ತಿಳಿದಿರಲಾರದು. ಚಿತ್ರಾನ್ನ ತಟ್ಟೆಯಲ್ಲಿ ಹಾಗೇ ಉಳಿಯಿತು.

ಅಹಲ್ಯಾ ಮೊದಲು ಯೋಚಿಸಿದ್ದು ಸುಮಿತ್ರಾಳ ಬಗ್ಗೆ ಅಲ್ಲ. ಆ ಎಲೆಯಾಕಾರದ ಪದಕದ ಬಗ್ಗೆ. ಹಿಂದಿನ ಚಳಿಗಾಲದಲ್ಲಿ ದಹಿಯಾ ಸರಗಳ್ಳರ ಒಂದು ಗುಂಪನ್ನು ಹಿಡಿದಿದ್ದ. ಆ ಕೇಸನ್ನೂ ನಡೆಸಿದವಳು ಅವಳೇ. ಸಿಕ್ಕಿದ ಸರಗಳಲ್ಲಿ ಕೆಲವನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಹಾಗೆ ಉಳಿದದ್ದರಲ್ಲಿ ಒಂದು ಲೆಕ್ಕ ತಪ್ಪಿಸಿ ಹಿಟ್ಟಿನ ಡಬ್ಬಕ್ಕೆ ಬಂದಿರಬೇಕು. ಸುಮಿತ್ರಾಳ ಜೋಪಡಿಯಲ್ಲಿ ಸರ ಸಿಕ್ಕಿದ್ದಕ್ಕೆ ಸಾಕ್ಷಿಯೆಂದು ಸಹಿ ಹಾಕಿದವನು ಠಾಣೆಯ ಎದುರಿನ ಚಹಾ ಅಂಗಡಿಯವನು. ಅವನ ಸಹಿ ಅಹಲ್ಯಾಳಿಗೆ ಚೆನ್ನಾಗಿ ಗೊತ್ತು. ಅವನ ಮಾತಿನ ಮೇಲೆ ಅವಳು ಇದುವರೆಗೆ ಮೂವರಿಗೆ ಶಿಕ್ಷೆ ಕೊಡಿಸಿದ್ದಳು. ಅಷ್ಟು ಕಳವುಗಳು ಒಬ್ಬ ಚಹಾದವನ ಕಣ್ಣೆದುರಿಗೇ ಹೇಗೆ ಸಿಗುತ್ತವೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಬಾಗಿಲು ತೆರೆದಾಗ ದಹಿಯಾ ಹೊರಗೇ ನಿಂತಿದ್ದ, ಕೈಯಲ್ಲಿ ಚಹಾದ ಗ್ಲಾಸು. ಕನ್ನಡ ಅವನಿಗೆ ಬಾರದು, ಆದರೆ ಮುಖ ಓದುವುದು ಅವನ ಕಸುಬು.

"ಏನು ಮೇಡಂಜಿ, ಮದ್ರಾಸಿ ಮೀಟಿಂಗ್ ಆಯ್ತಾ?" ಎಂದ ಹಿಂದಿಯಲ್ಲಿ. "ಯಾಕೆ ತಲೆಬಿಸಿ? ಅವಳ ಕೈಲಿ ತಪ್ಪು ಒಪ್ಪಿಸಿಬಿಡಿ. ಹತ್ತು ತಿಂಗಳು ಕೂತಿದ್ದಾಳೆ, ಅದನ್ನೇ ಶಿಕ್ಷೆ ಅಂತ ಹಾಕಿ ಸಾಬ್ ಬಿಟ್ಟುಬಿಡ್ತಾರೆ. ಸಂಜೆಗೆ ಮನೆ. ಅವಳೂ ಖುಷ್, ನೀವೂ ಖುಷ್, ನನ್ನ ಕೇಸೂ ಖುಷ್."

ಅಹಲ್ಯಾಳಿಗೆ ಅವನ ಮೇಲೆ ಅಸಹ್ಯವಾಯಿತು. ಆದರೂ ಕಾಲುಗಳು ಲಾಕಪ್ಪಿನ ಕಡೆಗೇ ಹೋದವು.

*

ಸುಮಿತ್ರಾ ಕಂಬಿಗಳ ಹಿಂದೆ ನೆಲದ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಕೋಟು ಹಾಕಿದವಳನ್ನು ಕಂಡು ಎದ್ದು ನಿಂತಳು.

"ನಿನ್ನ ಮಗಳು ಎಲ್ಲಿದ್ದಾಳೆ?" ಅಹಲ್ಯಾ ಹಿಂದಿಯಲ್ಲಿ ಕೇಳಿದಳು. ಬೇರೆ ಏನು ಕೇಳಿ ಶುರುಮಾಡುವುದೆಂದು ತಿಳಿಯಲಿಲ್ಲ.

"ನಾದಿನಿ ಹತ್ತಿರ. ಮೊದಲು ಹದಿನೈದು ದಿನಕ್ಕೊಮ್ಮೆ ನೋಡೋಕೆ ಕರೆತರುತ್ತಿದ್ದಳು. ಜೋಪಡಿ ಎಲ್ಲ ಎಬ್ಬಿಸಿದರಂತೆ. ಎಲ್ಲಿಗೆ ಹೋದರೋ. ಎರಡು ತಿಂಗಳಾಯ್ತು."

"ಕೇಳು. ಇವತ್ತು ಮಧ್ಯಾಹ್ನ ತಪ್ಪಾಯಿತು ಅಂತ ಒಪ್ಪಿಕೊಂಡರೆ, ನಾನು ಅಡ್ಡ ಬರೋದಿಲ್ಲ. ಒಳಗಿದ್ದ ದಿನಗಳನ್ನೇ ಶಿಕ್ಷೆ ಅಂತ ಎಣಿಸಿ ಬಿಡ್ತಾರೆ. ಇವತ್ತೋ ನಾಳೆಯೋ ಹೊರಗೆ ಬರ್ತೀಯ. ಮಗಳನ್ನ ಹುಡುಕಬಹುದು."

ಹೇಳುತ್ತಿರುವಾಗ ತನ್ನ ದನಿ ಎಷ್ಟು ಮೃದುವಾಗಿದೆಯೆಂದು ಅವಳಿಗೇ ಕೇಳಿಸಿತು. ಇದರಲ್ಲಿ ಎಲ್ಲರಿಗೂ ಒಳಿತಿತ್ತು. ಶಾರದಕ್ಕನ ಹರಕೆ, ಜಗನ್ನಾಥರ ಎದೆ, ಇಂದುಶೇಖರನ ವರದಿ, ಯಾವುದಕ್ಕೂ ಧಕ್ಕೆಯಿರಲಿಲ್ಲ.

ಸುಮಿತ್ರಾ ಕೈಯಲ್ಲಿದ್ದ ಬ್ರೆಡ್ಡನ್ನು ನೋಡುತ್ತ ನಿಂತಳು.

"ಆಮೇಲೆ ನನಗೆ ಯಾರು ಕೆಲಸ ಕೊಡ್ತಾರೆ ಮೇಡಂಜಿ?"

"ಬೇರೆ ಕಡೆ—"

"ಪ್ರತಿ ಗೇಟಲ್ಲೂ ಗಾರ್ಡು ಪೊಲೀಸಿನ ಕಾಗದ ಕೇಳ್ತಾನೆ. ಅದರಲ್ಲಿ ಚೋರ್ ಅಂತ ಇರತ್ತೆ. ಮಗಳಿಗೆ ಏನು ತಿನ್ನಿಸಲಿ? ಆರು ಮನೆ ಮಾಡ್ತಿದ್ದೆ. ಆರು ಮನೆಯ ಚಾವಿ ನನ್ನ ಸೊಂಟದಲ್ಲಿತ್ತು." ದನಿ ಏರಲಿಲ್ಲ. "ನಾನು ತೆಗೆದಿಲ್ಲ. ಆ ಸರ ನಾನು ನೋಡೇ ಇಲ್ಲ. ದೀದಿಯದು ಬೇರೆ. ಎರಡು ಕಟೋರಿ, ನಡುವೆ ಒಂದು ಕೆಂಪು ಮಣಿ." ಕಂಬಿಯ ಸಂದಿನಿಂದ ಬೆರಳು ತೋರಿಸಿದಳು. "ನಿಮ್ಮ ಕೊರಳಲ್ಲಿದೆಯಲ್ಲ, ಹಾಗೆ."

ಅಹಲ್ಯಾಳ ಕೈ ತನ್ನಷ್ಟಕ್ಕೆ ಕೊರಳಿನ ಬಿಳಿ ಪಟ್ಟಿಯ ಮೇಲೆ ಹೋಯಿತು.

"ನಿಮಗೆ ಸಕ್ಕರೆ ಕಮ್ಮಿ ಬೇಕಿತ್ತು," ಎಂದಳು ಸುಮಿತ್ರಾ. "ಎರಡನೇ ಸಲ ನಾನು ಮರೆತೆ."

ಊಟದ ನಂತರ ಅಹಲ್ಯಾ ಎದ್ದು ನಿಂತು, ಸಾಕ್ಷಿಗೆ ಕೇಳುವುದು ಇನ್ನೂ ಬಾಕಿಯಿದೆ, ಇನ್ನೊಂದು ದಿನ ಬೇಕು ಎಂದಳು. ಏನು ಬಾಕಿ ಎಂದು ಅವಳಿಗೇ ಗೊತ್ತಿರಲಿಲ್ಲ. ಮ್ಯಾಜಿಸ್ಟ್ರೇಟರು ಹುಬ್ಬೇರಿಸಿದರು. ಭಾಟಿಯಾ, ತಾನು ಹೇಗೂ ಪಾಟೀಸವಾಲು ಮಾಡುವುದಿಲ್ಲ, 'ಪಾಟೀಸವಾಲಿಲ್ಲ, ಅವಕಾಶ ನೀಡಲಾಗಿದೆ' ಎಂದು ಬರೆದುಕೊಳ್ಳಬಹುದು ಎಂದ. ಅಹಲ್ಯಾ ಮತ್ತೆ ಕೇಳಿಕೊಂಡಳು. ಆರೋಪಿ ಒಳಗಿರುವುದರಿಂದ ಹತ್ತಿರದ ತಾರೀಖೇ ಕೊಟ್ಟರು: ನವೆಂಬರ್ ಹದಿನೇಳು.

ಹದಿನೈದು ದಿನ. ಸುಮಿತ್ರಾ ಬೆರಳು ಮಡಿಸಿ ಎಣಿಸುವುದು ಕಾಣಿಸಿತು. ಶಾರದಕ್ಕ ಹೋಗುವಾಗ ಅಹಲ್ಯಾಳ ಕೈ ಒತ್ತಿ, "ಯಾಕೆ ಮುಂದಕ್ಕೆ ಹಾಕಿದೆ? ಇವತ್ತೇ ಮುಗಿಸಬಹುದಿತ್ತು," ಎಂದರು, ಸಣ್ಣ ಆಕ್ಷೇಪದ ದನಿಯಲ್ಲಿ.

*

ಸಂಜೆಯ ಮೆಟ್ರೊದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕರೋಲ್ ಬಾಗಿನಲ್ಲಿ ಚೀಲ ಹಿಡಿದ ಹೆಂಗಸರು ಹತ್ತಿದರು. ಅವರಲ್ಲಿ ಮದುವೆಯ ಖರೀದಿಗೆ ಬಂದ ತಾಯಿ ಮಗಳೂ ಇದ್ದರು. ತಾಯಿಯ ಕೊರಳಿನಲ್ಲಿ ಕರಿಮಣಿ, ನಡುವೆ ಎಲೆಯಾಕಾರದ ಪದಕ. ಅಹಲ್ಯಾ ಮುಖ ತಿರುಗಿಸಿದಳು. ಇಂಥದೊಂದನ್ನು ಕಳೆದುಕೊಂಡು, ಅದು ಸಿಕ್ಕಿದ್ದೂ ತಿಳಿಯದೆ, ಈ ಊರಿನಲ್ಲಿ ಎಲ್ಲೋ ಒಬ್ಬಳಿದ್ದಾಳೆ.

ಹದಿನೇಳರಂದು ಶಾರದಕ್ಕನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ನಿಮ್ಮ ಮಾಂಗಲ್ಯದಲ್ಲಿ ತಾಳಿ ಎಷ್ಟು? ಮದುವೆಯ ಫೋಟೊ ತಂದಿದ್ದೀರಾ? ಅವರು ತಡವರಿಸುತ್ತಾರೆ, ಅಳುತ್ತಾರೆ, ನಿಜ ಹೊರಬರುತ್ತದೆ. ಇನ್ನೊಬ್ಬರ ಬಾಯಿಂದ ನಿಜ ಬರಿಸುವುದು ಅವಳ ವೃತ್ತಿ. ತನ್ನ ಬಾಯಿ ಸ್ವಚ್ಛವಾಗಿಯೇ ಉಳಿಯುತ್ತದೆ. ಪ್ರಶ್ನೆ ಕೇಳಿದವಳನ್ನು ಯಾರೂ ದೂರುವುದಿಲ್ಲ, ಕೆಲಸ ಮಾಡಿದಳು ಎನ್ನುತ್ತಾರೆ. ದ್ವಾರಕಾ ಬರುವವರೆಗೆ ಅವಳು ಪ್ರಶ್ನೆಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು.

ಮನೆಗೆ ಬಂದು ಸೀರೆ ಬದಲಿಸಿ ಅವರೆಕಾಯಿ ಸುಲಿಯಲು ಕೂತಳು. ಏಳು ಗಂಟೆಗೆ ಇಂದುಶೇಖರ ಬಂದ. ಬಂದವನೇ ಟೈ ಸಡಿಲಿಸುತ್ತ ಅಡುಗೆಮನೆಯ ಬಾಗಿಲಿಗೆ ಒರಗಿದ. ಬಹಳ ದಿನದ ಮೇಲೆ ಅವನ ಮುಖ ಹಗುರವಾಗಿತ್ತು.

"ಸರ್ ತುಂಬಾ ಖುಷಿಯಾಗಿದ್ರು ಕಣೆ. ನೀನು ಮೇಡಂಗೆ ಧೈರ್ಯ ಹೇಳಿದೆಯಂತೆ, ಜೊತೇಲಿ ಊಟ ಮಾಡಿದ್ರಂತೆ. ನಿಮ್ಮ ಮನೆಯವರು ಸಂಸ್ಕಾರವಂತರು ಅಂದರು ನನಗೆ."

"ಅಷ್ಟೇನಾ ಅಂದಿದ್ದು?"

"ಆಮೇಲೆ, ಮೇಡಂಗೆ ಕೋರ್ಟಿಂದ ಬಂದಾಗಿನಿಂದ ಬೀಪಿ ಜಾಸ್ತಿ ಆಗಿದೆಯಂತೆ. ಮುಂದಿನ ತಾರೀಖಿಗೆ ಬರೋದು 'ನೋ ಚಾನ್ಸ್' ಅಂದರು. ಡಾಕ್ಟರ್ ಸರ್ಟಿಫಿಕೇಟ್ ಕಳಿಸ್ತಾರೆ, ಬೆಂಗಳೂರಿಗೆ ತಂಗಿ ಮನೆಗೆ ಟಿಕೆಟ್ಟೂ ಆಗಿದೆ. ಇವತ್ತು ಹೇಳಿದ್ದೇ ಸಾಕಾಗಲ್ವಾ, ನಿನ್ನ ಕೇಳಿ ತಿಳಿಸು ಅಂದರು."

ಅಹಲ್ಯಾಳ ಬೆರಳಿನಿಂದ ಅವರೆಕಾಳು ಪಾತ್ರೆಗೆ ಬಿತ್ತು. ಇನ್ನೊಂದು. ಮತ್ತೊಂದು.

ಸಾಕಾಗುತ್ತಿತ್ತು. ಒಡವೆ ನನ್ನದೇ ಎಂದು ಸಾಕ್ಷಿ ಹೇಳಿದ್ದು ದಾಖಲಾಗಿತ್ತು. ಪಾಟೀಸವಾಲಿಲ್ಲ, ಅವಕಾಶ ನೀಡಲಾಗಿದೆ. ಚಹಾದವನು ಬಂದು ತನ್ನ ಸಹಿ ಗುರುತಿಸುತ್ತಾನೆ. ಏನೂ ಮಾಡದೆ ಸುಮ್ಮನಿದ್ದರೆ ಸಾಕು, ಸುಮಿತ್ರಾ ಕಳ್ಳಿಯಾಗುತ್ತಾಳೆ. ಜೋಡಿಸಿಟ್ಟ ಪ್ರಶ್ನೆಗಳಿಗೆ ಇನ್ನು ಕಟಕಟೆಯಲ್ಲಿ ಯಾರೂ ಇರುವುದಿಲ್ಲ.

ಮಧ್ಯಾಹ್ನ ಮುಚ್ಚಿದ ಬಾಗಿಲಿನ ಹಿಂದೆ ಶಾರದಕ್ಕ ಆಡಿದ ಮಾತುಗಳು ಈಗ ಈ ಲೋಕದಲ್ಲಿ ಒಬ್ಬಳ ಕಿವಿಯಲ್ಲಿ ಮಾತ್ರ ಇದ್ದವು. ಅವು ಕೋರ್ಟಿಗೆ ತಲುಪಬೇಕಾದರೆ ಆ ಕಿವಿಯವಳೇ ಹೋಗಬೇಕು, ಕೋಟು ಹಾಕಿಕೊಂಡಲ್ಲ. ಕೇಸಿನಿಂದ ಬಿಡುಗಡೆ ಕೇಳಿ, ಪ್ರಮಾಣ ಮಾಡಿ, ಸಾಕ್ಷಿಯಾಗಿ. ಆಮೇಲೆ ಭಾಟಿಯಾ ಕೂಡ ಎಚ್ಚರಗೊಂಡು ಕೇಳುತ್ತಾನೆ: ಅಂದೇ ಮಧ್ಯಾಹ್ನ ಯಾಕೆ ಹೇಳಲಿಲ್ಲ? ಲಾಕಪ್ಪಿಗೆ ಹೋಗಿ ಆರೋಪಿಗೆ ಏನು ಹೇಳಿದಿರಿ? ಅದನ್ನೂ ಹೇಳಬೇಕು. ಚಹಾದವನ ಹಳೆಯ ಮೂರು ಕೇಸುಗಳನ್ನು ಯಾರಾದರೂ ಕೆದಕಿದರೆ ಅದಕ್ಕೂ ಉತ್ತರ ಕೊಡಬೇಕು. ಇಲಾಖೆ ಮೆಮೊ ಕೊಡುತ್ತದೆ. ಶಾರದಕ್ಕನ ಮನೆಯ ಶುಕ್ರವಾರಗಳು ಮುಗಿಯುತ್ತವೆ. ಬಾಗಿಲಿಗೆ ಒರಗಿದ ಈ ಹಗುರ ಮುಖ ಮುಂದೆ ಎಷ್ಟು ವರ್ಷ ತನ್ನನ್ನು ನೋಡದೆ ಊಟ ಮಾಡುತ್ತದೋ.

ಕೊರಳಿನ ತಾಳಿಯನ್ನು ಅಂಗೈಯಲ್ಲಿ ಮುಚ್ಚಿ, ಇದರಲ್ಲಿ ಎಷ್ಟು ಬಟ್ಟಲಿದೆ ಹೇಳಿ ನೋಡೋಣ ಎಂದು ಅವನನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಅವನು ತಪ್ಪು ಹೇಳಿದರೆ ಹದಿನೇಳರಂದು ತಾನೇ ಕಟಕಟೆ ಹತ್ತುವ ಕೆಲಸ ಸುಲಭವಾಗಿಬಿಡುತ್ತಿತ್ತು. ಅಷ್ಟು ಸುಲಭ ಅವಳಿಗೆ ಬೇಕಾಗಿರಲಿಲ್ಲ.

"ಏನು ಹೇಳಲಿ ಸರ್‌ಗೆ?" ಎಂದ ಇಂದುಶೇಖರ.

"ಶಾರದಕ್ಕ ಬರೋದು ಬೇಕಾಗಿಲ್ಲ ಅಂತ ಹೇಳಿ."

"ಪಕ್ಕಾ?"

"ಪಕ್ಕಾ."

ಅವನು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ. ಅಹಲ್ಯಾ ಸಿಪ್ಪೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ, ಕಾಳನ್ನು ತೊಳೆಯಲು ನಲ್ಲಿ ತಿರುಗಿಸಿದಳು.